ಗೋಣಿತಟ್ಟಿನ ಮೇಲೆ ಶೋಕದ ಬಣ್ಣ

ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಒಂದೊಂದು ರಸಕ್ಕೆ ಒಂದೊಂದು ಬಣ್ಣವನ್ನು ಹೇಳಿದ್ದಾನೆ. ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳುಪು, ರೌದ್ರಕ್ಕೆ ಕೆಂಪು, ಅದ್ಭುತಕ್ಕೆ ಹಳದಿ. ಕರುಣಕ್ಕೆ ಆತ ಕೊಟ್ಟಿರುವುದು ಕಪೋತವರ್ಣ, ಎಂದರೆ ಪಾರಿವಾಳದ ಮೈಬಣ್ಣ. ಅದರ ಅಧಿದೇವತೆ ಯಮ. ಶೋಕಕ್ಕೆ ಈ ಬಣ್ಣವನ್ನು ಆರಿಸಿದ್ದರಲ್ಲಿ ಔಚಿತ್ಯವಿದೆಯೆಂದು ನನಗೆ ತೋರುತ್ತದೆ. ಅದರಲ್ಲಿ ಉರಿಯಿಲ್ಲ, ಕಡುಗತ್ತಲೆಯೂ ಇಲ್ಲ. ಬಣ್ಣಗಳೆಲ್ಲ ಬಸಿದುಹೋದ ಮೇಲೆ ಒಲೆಯಲ್ಲಿ ಉಳಿದ ಬೂದಿಯ ಹಾಗೆ ಅದು ಉಳಿದುಕೊಂಡಿರುತ್ತದೆ. ಯುರೋಪಿನವರು ಸಾವಿಗೆ ಕಪ್ಪನ್ನು ಉಡುತ್ತಾರೆ, ನಮ್ಮವರು ಬಿಳಿಯನ್ನು. ಒಟ್ಟಿನಲ್ಲಿ ಶೋಕಿಸುವವರು ಬಣ್ಣವನ್ನು ಕಳಚಿಡಬೇಕೆಂಬುದು ಎಲ್ಲರೂ ಒಪ್ಪಿಕೊಂಡ ಮಾತಿನಂತೆ ಕಾಣುತ್ತದೆ.

ಈ ಒಪ್ಪಿಗೆಯನ್ನು ಮುರಿದ ಒಂದು ಕಲೆಯ ಬಗೆಗೆ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದು ನಮ್ಮದಲ್ಲ, ಬಹುದೂರದ್ದು. ಚಿಲಿ ದೇಶದ ಬಡಹೆಂಗಸರದು. ಬಾನುಲಿಯ ಮುಂದೆ ಕುಳಿತು ಬಣ್ಣಗಳ ವಿಚಾರ ಮಾತನಾಡುವುದು ಸ್ವಲ್ಪ ವಿಚಿತ್ರವೇ ಸರಿ. ಶ್ರೋತೃಗಳು ಕೊಂಚ ಹೊತ್ತು ಕಣ್ಣು ಮುಚ್ಚಿಕೊಂಡಾದರೂ ಒಂದು ಗೋಣಿತಟ್ಟಿನ ತುಂಡನ್ನು ಕಲ್ಪಿಸಿಕೊಳ್ಳಬೇಕು. ಅದರ ಮೇಲಂಚಿನಲ್ಲಿ ನೀಲಿ ಬಟ್ಟೆಯ ಆಕಾಶ, ಅದರ ಕೆಳಗೆ ಹಸಿರು ನೇರಿಳೆ ಬಟ್ಟೆಗಳ ಬೆಟ್ಟಸಾಲು, ಬೆಟ್ಟದ ಮೇಲೆ ಹಳದಿ ಸೂರ್ಯ, ಬುಡದಲ್ಲಿ ಕೆಂಪು ಕಿತ್ತಳೆ ಬಣ್ಣದ ಸಾಲುಮನೆಗಳು. ಮನೆಗಳ ಮುಂದಿನ ಬೀದಿಯಲ್ಲಿ ಹೆಬ್ಬೆರಳುದ್ದದ ಬಟ್ಟೆಯ ಗೊಂಬೆಗಳು ಗುಂಪಾಗಿ ನಿಂತಿವೆ. ಮಕ್ಕಳ ಕೋಣೆಯ ಗೋಡೆಗೆ ತೂಗುಹಾಕಬಹುದಾದಷ್ಟು ಚೆಲುವಾದ ವಸ್ತು. ಹತ್ತಿರ ಹೋಗಿ ನೋಡಿದರೆ ಆ ಗೊಂಬೆಗಳ ಕೈಯಲ್ಲೊಂದು ಫಲಕವಿದೆ. ಅದರಲ್ಲಿ ದಾರದಿಂದ ಹೊಲಿದಿರುವುದು ಒಂದೇ ಪ್ರಶ್ನೆ: ಅವರೆಲ್ಲಿ?

ಇದಕ್ಕೆ ಸ್ಪ್ಯಾನಿಷ್ ಭಾಷೆಯಲ್ಲಿ ಅರ್ಪಿಯೇರ ಎಂದು ಹೆಸರು. ಆ ಶಬ್ದಕ್ಕೆ ಗೋಣಿಬಟ್ಟೆ ಎಂಬುದಕ್ಕಿಂತ ಹೆಚ್ಚಿನ ಅರ್ಥವೇನೂ ಇಲ್ಲ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಆಂಡೀಸ್ ಪರ್ವತಕ್ಕೂ ಶಾಂತಸಾಗರಕ್ಕೂ ನಡುವೆ ಉದ್ದನೆಯ ಪಟ್ಟಿಯಂತೆ ಚಾಚಿಕೊಂಡಿರುವ ದೇಶ ಚಿಲಿ. 1973ರ ಸೆಪ್ಟೆಂಬರ್ 11ರಂದು ಅಲ್ಲಿನ ಸೇನೆಯು ಚುನಾಯಿತ ಅಧ್ಯಕ್ಷ ಸಾಲ್ವಡಾರ್ ಅಯೆಂದೆಯವರ ಸರ್ಕಾರವನ್ನು ಉರುಳಿಸಿತು. ಅಯೆಂದೆ ಅಂದೇ ತಮ್ಮ ಅಧಿಕಾರದ ಅರಮನೆಯಲ್ಲಿ ಮಡಿದರು. ಅನಂತರ 1990ರ ಮಾರ್ಚ್ ತಿಂಗಳವರೆಗೆ ನಡೆದದ್ದು ಜನರಲ್ ಪಿನೋಚೆಟ್‌ನ ಆಳ್ವಿಕೆ. ಆ ಹದಿನಾರು ವರ್ಷಗಳಲ್ಲಿ ಕೊಲೆಯಾದವರು, ಕಾಣೆಯಾದವರು ಒಟ್ಟು ಮೂರು ಸಾವಿರಕ್ಕೂ ಹೆಚ್ಚು ಮಂದಿಯೆಂದು ಮುಂದೆ ಪ್ರಜಾಸರ್ಕಾರ ನೇಮಿಸಿದ ಆಯೋಗಗಳು ಕಂಡುಕೊಂಡವು. ಇವರಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಮನೆಯಿಂದಲೋ ಬೀದಿಯಿಂದಲೋ ಹಿಡಿದುಕೊಂಡು ಹೋದರು; ಬಳಿಕ ಅವರ ಸುಳಿವೇ ಇಲ್ಲ. ಠಾಣೆಗೆ ಹೋಗಿ ಕೇಳಿದರೆ ಅಂಥವರು ಯಾರನ್ನೂ ನಾವು ಹಿಡಿದಿಲ್ಲ ಎಂಬ ಉತ್ತರ. ನ್ಯಾಯಾಲಯದ ಮುಂದೆ ಸಾವಿರಗಟ್ಟಲೆ ಹೇಬಿಯಸ್ ಕಾರ್ಪಸ್ ಅರ್ಜಿಗಳು ಹೋದವು, ಮನ್ನಿಸಲ್ಪಟ್ಟವು ಬೆರಳೆಣಿಕೆಯಷ್ಟು.

ಇಂಥ ಮನೆಗಳ ಹೆಂಗಸರು, ತಾಯಂದಿರು, ಹೆಂಡಿರು, ಅಕ್ಕತಂಗಿಯರು, ಸೆರೆಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಶವಾಗಾರಕ್ಕೆ ಅಲೆಯುತ್ತ ಒಬ್ಬರನ್ನೊಬ್ಬರು ಗುರುತು ಹಿಡಿದುಕೊಂಡರು. ಅವರಿಗೆ ಕುಳಿತುಕೊಳ್ಳಲು ಒಂದು ಜಾಗ ಕೊಟ್ಟದ್ದು ಚರ್ಚು. ಮೊದಲು ಹಲವು ಪಂಥಗಳು ಕೂಡಿ ನಡೆಸಿದ ಶಾಂತಿಸಮಿತಿಯೊಂದು ಈ ಕೆಲಸ ಮಾಡಿತು. 1975ರ ಕೊನೆಯಲ್ಲಿ ಪಿನೋಚೆಟ್ ಒತ್ತಾಯ ಹೇರಿ ಅದನ್ನು ಮುಚ್ಚಿಸಿದಾಗ ಸಾಂಟಿಯಾಗೊ ನಗರದ ಕಾರ್ಡಿನಲ್ ರೌಲ್ ಸಿಲ್ವಾ ಎನ್ರಿಕೆಸ್ ಅವರು 1976ರ ಜನವರಿಯಲ್ಲಿ ವಿಕರಿಯಾ ಡೆ ಲಾ ಸೊಲಿಡರಿಡಾಡ್ ಎಂಬ ಸಂಸ್ಥೆಯನ್ನು ಚರ್ಚಿನ ಅಂಗವಾಗಿಯೇ ಆರಂಭಿಸಿದರು. ಚರ್ಚಿನ ಅಂಗವಾದ್ದರಿಂದ ಅದನ್ನು ಮುಚ್ಚುವುದು ಸೇನೆಗೂ ಸುಲಭವಾಗಲಿಲ್ಲ. ಅಲ್ಲಿನ ಕೋಣೆಗಳಲ್ಲಿ, ನಗರದಂಚಿನ ಬಡಾವಣೆಗಳ ಚರ್ಚುಗಳಲ್ಲಿ, ಈ ಹೆಂಗಸರು ಗುಂಪುಗುಂಪಾಗಿ ಕುಳಿತು ಹೊಲಿಯತೊಡಗಿದರು. ಗೋಣಿಬಟ್ಟೆಯ ಮೇಲೆ ಚಿತ್ರ ಬಿಡಿಸುವುದು ಆ ನಾಡಿಗೆ ತೀರ ಹೊಸದಾಗಿರಲಿಲ್ಲ. ಜನಪದ ಗಾಯಕಿ ವಿಯೊಲೆಟಾ ಪಾರ್ರಾ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ದಿನಗಳಲ್ಲಿ ಉಣ್ಣೆಯ ದಾರದಿಂದ ಗೋಣಿಯ ಮೇಲೆ ಕಸೂತಿ ಮಾಡಲು ಆರಂಭಿಸಿದ್ದಳು. 1964ರಲ್ಲಿ ಪ್ಯಾರಿಸಿನ ಲೂವ್ರ್ ಅರಮನೆಯ ಅಲಂಕಾರಕಲೆಗಳ ಸಂಗ್ರಹಾಲಯದಲ್ಲಿ ಅವು ಪ್ರದರ್ಶಿತವಾದವು. ಆಕೆ 1967ರಲ್ಲಿ ತೀರಿಕೊಂಡಳು. ಆದರೆ ಸಾಂಟಿಯಾಗೊದ ಹೆಂಗಸರು ಆಕೆಯಂತೆ ಕಲಾವಿದೆಯರಲ್ಲ. ಅವರಲ್ಲಿ ಹಲವರಿಗೆ ಅಂಗಿಯ ಗುಂಡಿ ಹೊಲಿಯುವುದಕ್ಕಿಂತ ಹೆಚ್ಚಿನ ಹೊಲಿಗೆ ಬರುತ್ತಿರಲಿಲ್ಲ.

ಅರ್ಪಿಯೇರವನ್ನು ಮಾಡುವ ರೀತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅದರ ಅರ್ಥವೆಲ್ಲ ಆ ರೀತಿಯಲ್ಲಿಯೇ ಅಡಗಿದೆ. ಹಿಟ್ಟಿನ ಚೀಲವನ್ನೋ ಆಲೂಗಡ್ಡೆಯ ಚೀಲವನ್ನೋ ಬಿಚ್ಚಿ, ತೊಳೆದು, ತುಂಡುಗಳಾಗಿ ಕತ್ತರಿಸುತ್ತಾರೆ. ಒಂದು ತುಂಡು ಹರಡಿದ ದಿನಪತ್ರಿಕೆಯ ಅರ್ಧಹಾಳೆಯಷ್ಟಿರಬಹುದು. ಅದರ ಮೇಲೆ ಮೊದಲು ದೊಡ್ಡ ದೊಡ್ಡ ಚಿಂದಿಗಳನ್ನು ಹರಡಿ ಆಕಾಶ, ಬೆಟ್ಟ, ನೆಲ ಎಂದು ಗೊತ್ತುಮಾಡಿಕೊಂಡು ತೇಪೆ ಹಚ್ಚಿದಂತೆ ಹೊಲಿಯುತ್ತಾರೆ. ಆಮೇಲೆ ಮನೆ, ಮರ, ಬೀದಿ. ಎಲ್ಲದಕ್ಕೂ ಕಡೆಯಲ್ಲಿ ಮನುಷ್ಯರು. ಮನುಷ್ಯರನ್ನು ಚಪ್ಪಟೆಯಾಗಿ ಹೊಲಿಯುವುದಿಲ್ಲ. ಪುಟ್ಟ ಗೊಂಬೆಗಳನ್ನು ಬೇರೆಯಾಗಿ ಮಾಡಿ, ಒಳಗೆ ಚೂರುಬಟ್ಟೆ ತುಂಬಿ, ಚಿತ್ರದ ಮೇಲೆ ಉಬ್ಬಿ ನಿಲ್ಲುವಂತೆ ಕೂಡಿಸುತ್ತಾರೆ. ತಲೆಗೂದಲಿಗೆ ಉಣ್ಣೆದಾರ, ಕೆಲವರು ತಮ್ಮದೇ ಕೂದಲನ್ನು ಕತ್ತರಿಸಿ ಹೊಲಿದದ್ದುಂಟು. ಪಾತ್ರೆಗೆ ತಗಡಿನ ಹಾಳೆ, ಪೊರಕೆಗೆ ಕಡ್ಡಿ, ಕೈಯಲ್ಲಿ ಹಿಡಿದ ಕರಪತ್ರಕ್ಕೆ ನಿಜವಾದ ಕಾಗದದ ಚೂರು, ಕೆಲವೆಡೆ ಕಾಣೆಯಾದವನ ಭಾವಚಿತ್ರದಿಂದ ಕತ್ತರಿಸಿದ ಮುಖ. ಅಂಚಿಗೆ ಉಣ್ಣೆಯ ಕ್ರೋಶಾ ಹೆಣಿಗೆ. ಎಷ್ಟೋ ಅರ್ಪಿಯೇರಗಳ ಹಿಂಬದಿಯಲ್ಲೊಂದು ಸಣ್ಣ ಜೇಬು, ಜೇಬಿನೊಳಗೆ ಮಡಿಸಿಟ್ಟ ಚೀಟಿ, ಚೀಟಿಯಲ್ಲಿ ಎದುರಿನ ಚಿತ್ರವೇನೆಂಬುದರ ಒಂದೆರಡು ಸಾಲಿನ ವಿವರಣೆ. ಹೊಲಿದವಳ ಹೆಸರು ಸಾಮಾನ್ಯವಾಗಿ ಎಲ್ಲಿಯೂ ಇರುವುದಿಲ್ಲ. ಹೆಸರು ಬರೆದರೆ ಅಪಾಯವಿತ್ತು.

ಬಟ್ಟೆ ಎಲ್ಲಿಂದ ಬರುತ್ತಿತ್ತು? ದರ್ಜಿಗಳು ಬಿಸುಟ ಚೂರು, ಚರ್ಚಿಗೆ ಬಂದ ದಾನ, ಮನೆಯ ಹಳೆಯ ಉಡುಪು. ಆ ಹಳೆಯ ಉಡುಪುಗಳಲ್ಲಿ ಕಾಣೆಯಾದವರ ಉಡುಪುಗಳೂ ಇದ್ದವು. ಗಂಡನ ಅಂಗಿಯ ತೋಳು ಬೆಟ್ಟವಾಯಿತು, ಮಗನ ಷರಾಯಿಯ ಒಂದು ಚೂರು ಗೊಂಬೆಯ ಷರಾಯಿಯಾಯಿತು. ಉತ್ತರ ಕರ್ನಾಟಕದಲ್ಲಿ ಕೌದಿ ಹೊದ್ದು ಬೆಳೆದವರಿಗೆ ಇದು ತಟ್ಟನೆ ತಿಳಿಯುತ್ತದೆ. ನಮ್ಮ ಮನೆಯ ಕೌದಿಯೊಂದರಲ್ಲಿ ಎಳೆಯ ವಯಸ್ಸಿನಲ್ಲಿ ತೀರಿಕೊಂಡ ನಮ್ಮ ಸೋದರತ್ತೆಯ ಹಸಿರು ಸೀರೆಯ ತುಂಡೊಂದಿತ್ತು. ನಮ್ಮ ತಂದೆಯವರು ಆ ತುಂಡು ಎದೆಯ ಮೇಲೆ ಬರುವಂತೆ ಕೌದಿಯನ್ನು ತಿರುಗಿಸಿಕೊಂಡು ಹೊದೆಯುತ್ತಿದ್ದರು. ಆ ವಿಷಯವಾಗಿ ಅವರು ಒಂದು ಮಾತನಾಡಿದ್ದನ್ನೂ ನಾನು ಕೇಳಲಿಲ್ಲ. ಆದರೆ ಕೌದಿ ಬದುಕಿರುವ ಮೈಯನ್ನು ಬೆಚ್ಚಗಿಡುತ್ತದೆ. ಮನೆಯೊಳಗೇ ಮಡಿಕೆಯಾಗಿ ಇರುತ್ತದೆ. ಅರ್ಪಿಯೇರ ಪರರ ಕಣ್ಣಿಗೆ ಬೀಳಲೆಂದೇ ಹುಟ್ಟಿದ್ದು. ಚರ್ಚಿನವರ ಮೂಲಕ, ದೇಶಬಿಟ್ಟು ಹೋಗಿ ನೆಲಸಿದ್ದ ಚಿಲಿಯವರ ಮೂಲಕ ಅದು ಯುರೋಪಿಗೆ, ಉತ್ತರ ಅಮೆರಿಕಕ್ಕೆ ಹೋಗಿ ಮಾರಾಟವಾಗುತ್ತಿತ್ತು. ಹೆಂಗಸರ ಹೊಲಿಗೆಯ ಕೆಲಸವೆಂದು ಅಧಿಕಾರಿಗಳು ಮೊದಮೊದಲು ಅದರ ಕಡೆಗೆ ತಿರುಗಿಯೂ ನೋಡಲಿಲ್ಲ.

ಶೋಕವನ್ನು ಮಾರುವುದೆ ಎಂದು ಕೆಲವರು ಮೂಗು ಮುರಿದಾರು. ದುಡಿಯುವವನನ್ನು ಎತ್ತಿಕೊಂಡು ಹೋದ ಮನೆಯಲ್ಲಿ ಅಂದಿನ ರೊಟ್ಟಿಗೆ ಏನು ದಾರಿ ಎಂಬುದನ್ನು ಯೋಚಿಸಿದವರು ಆ ಪ್ರಶ್ನೆಯನ್ನು ಕೇಳಲಾರರು. ಅರ್ಪಿಯೇರಗಳು ಒಂದರಂತೆ ಒಂದಿರುತ್ತವೆ ಎಂಬ ಇನ್ನೊಂದು ಆಕ್ಷೇಪವೂ ಇದೆ. ಅದೇ ಬೆಟ್ಟ, ಅದೇ ಸೂರ್ಯ, ಅದೇ ಫಲಕ. ಇದು ನಿಜ. ನಮ್ಮ ಹಳ್ಳಿಗಳಲ್ಲಿ ಹಾಡಿಕೊಂಡು ಅಳುವ ಹೆಂಗಸರ ಮಾತುಗಳೂ ಮನೆಯಿಂದ ಮನೆಗೆ ಹೆಚ್ಚು ಬದಲಾಗುವುದಿಲ್ಲ, ಹೆಸರು ಮಾತ್ರ ಬದಲಾಗುತ್ತದೆ. ಅದನ್ನು ಯಾರೂ ದೋಷವೆಂದು ಎಣಿಸಿಲ್ಲ.

ಇನ್ನು ಬಣ್ಣದ ಮಾತು. ಇಷ್ಟು ದಾರುಣವಾದ ವಸ್ತುವಿಗೆ ಇಷ್ಟು ಉಜ್ಜ್ವಲವಾದ ಬಣ್ಣಗಳೇಕೆ? ಕೈಗೆ ಸಿಕ್ಕ ಚಿಂದಿಗಳು ಹಾಗಿದ್ದವು ಎಂಬುದು ಮೊದಲನೆಯ ಉತ್ತರ, ಅದನ್ನು ಕಡೆಗಣಿಸುವಂತಿಲ್ಲ. ಮೇಲುನೋಟಕ್ಕೆ ಮುಗ್ಧವಾಗಿ ಕಂಡರೆ ಕಾವಲಿನವರ ಕಣ್ಣು ತಪ್ಪಿಸಬಹುದು ಎಂಬುದು ಎರಡನೆಯದು, ಅದರಲ್ಲಿಯೂ ಸತ್ಯಾಂಶವಿದ್ದೀತು. ಕತ್ತಲೆಯ ನಡುವೆಯೂ ಭರವಸೆಯ ಸಂಕೇತವಾಗಿ ಬಣ್ಣವನ್ನು ಬಳಸಿದರು ಎಂಬುದು ಪ್ರದರ್ಶನಗಳ ಕೈಪಿಡಿಗಳಲ್ಲಿ ಕಾಣುವ ಮೂರನೆಯ ಉತ್ತರ. ಇದು ಮಾತ್ರ ನನಗೆ ಅಷ್ಟಾಗಿ ರುಚಿಸುವುದಿಲ್ಲ. ಭರವಸೆ ಎಂಬ ಮಾತನ್ನು ಶೋಕದಲ್ಲಿರುವವರಿಗಿಂತ ಅವರನ್ನು ನೋಡಲು ಬಂದವರೇ ಹೆಚ್ಚಾಗಿ ಆಡುತ್ತಾರೆ.

ನನಗೆ ಹೊಳೆಯುವ ಉತ್ತರ ನಮ್ಮ ದಿನಪತ್ರಿಕೆಗಳ ಒಂದು ಮೂಲೆಯಿಂದ ಬಂದದ್ದು. ಕಾಣೆಯಾದವರ ಪ್ರಕಟಣೆಗಳನ್ನು ನೀವೆಲ್ಲ ನೋಡಿದ್ದೀರಿ. ಇಂಥ ದಿನ ಮನೆಯಿಂದ ಹೋದವರು ಮರಳಿ ಬಂದಿಲ್ಲ. ದುಂಡುಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು. ಮನೆಯಿಂದ ಹೋಗುವಾಗ ನೀಲಿ ಗೆರೆಯ ಅಂಗಿ, ಕಂದು ಬಣ್ಣದ ಪ್ಯಾಂಟು ಧರಿಸಿದ್ದರು. ಸಾವಿನ ಸುದ್ದಿಯಲ್ಲಿ ಅಂಗಿಯ ಬಣ್ಣ ಯಾರಿಗೂ ಬೇಕಾಗುವುದಿಲ್ಲ. ಕಾಣೆಯಾದವರ ಸುದ್ದಿಯಲ್ಲಿ ಅದಿಲ್ಲದೆ ಸಾಗುವುದಿಲ್ಲ. ಸಾಂಟಿಯಾಗೊದ ಆ ತಾಯಿ ಠಾಣೆಯಲ್ಲಿ, ಕಚೇರಿಯಲ್ಲಿ, ಶವಾಗಾರದ ಬಾಗಿಲಲ್ಲಿ ಎಷ್ಟು ಸಲ ಆ ಪ್ರಶ್ನೆಗೆ ಉತ್ತರ ಹೇಳಿರಬೇಕು: ಕಡೆಯ ಸಲ ಕಂಡಾಗ ಅವನು ಏನು ತೊಟ್ಟಿದ್ದ? ಹೀಗೆ ನೂರು ಸಲ ಹೇಳಿದ ಬಣ್ಣ ಮಾಸುವುದಿಲ್ಲ. ಬೇರೆಲ್ಲ ನೆನಪುಗಳು ಮಬ್ಬಾದರೂ ಅದು ಮಬ್ಬಾಗುವಂತಿಲ್ಲ, ಏಕೆಂದರೆ ಗುರುತು ಹಿಡಿಯಲು ಉಳಿದಿರುವುದು ಅದೊಂದೆ. ಗೊಂಬೆಗೆ ಕೆಂಪು ಅಂಗಿ ತೊಡಿಸಿದವಳು ತನ್ನ ದುಃಖದ ಬಣ್ಣವನ್ನು ತೋರಿಸುತ್ತಿಲ್ಲ; ಅವನು ತೊಟ್ಟಿದ್ದ ಬಣ್ಣವನ್ನು ತೋರಿಸುತ್ತಿದ್ದಾಳೆ. ಕಪೋತವರ್ಣ ಬರಬೇಕಾದರೆ ಮೊದಲು ಅವನು ಸತ್ತನೆಂದು ಯಾರಾದರೂ ಅವಳಿಗೆ ಹೇಳಬೇಕು. ಹೇಳುವವರಿರಲಿಲ್ಲ.

ಇಲ್ಲಿಯೇ ನಮ್ಮ ಕಾವ್ಯಮೀಮಾಂಸೆಯ ಒಂದು ಸೂಕ್ಷ್ಮ ನೆನಪಾಗುತ್ತದೆ. ಕರುಣರಸಕ್ಕೂ ವಿಪ್ರಲಂಭಶೃಂಗಾರಕ್ಕೂ, ಅಂದರೆ ಅಗಲಿಕೆಯ ಶೃಂಗಾರಕ್ಕೂ, ಇರುವ ವ್ಯತ್ಯಾಸವನ್ನು ಭರತನು ಹೇಳಿದ್ದಾನೆ. ಎರಡರಲ್ಲಿಯೂ ಕಣ್ಣೀರಿದೆ, ನಿಟ್ಟುಸಿರಿದೆ, ಮೈಬಾಡುವಿಕೆಯಿದೆ. ಆದರೆ ವಿಪ್ರಲಂಭ ಸಾಪೇಕ್ಷ, ಅದರಲ್ಲಿ ಮರಳಿ ಕೂಡುವ ನಿರೀಕ್ಷೆ ಉಳಿದಿರುತ್ತದೆ; ಕರುಣ ನಿರಪೇಕ್ಷ, ಅಲ್ಲಿ ನಿರೀಕ್ಷೆಯ ಬೇರು ಕತ್ತರಿಸಿಹೋಗಿರುತ್ತದೆ. ಕರುಣಕ್ಕೆ ಕಾರಣಗಳನ್ನು ಎಣಿಸುವಾಗ ಇಷ್ಟಜನರ ವಿಯೋಗ, ವಧೆ, ಬಂಧನ ಎಂಬಿವನ್ನೂ ಆತ ಸೇರಿಸಿದ್ದಾನೆ. ವಧೆಯೋ ಬಂಧನವೋ ಎಂಬುದೇ ತಿಳಿಯದ ಸ್ಥಿತಿಯೊಂದನ್ನು ಆ ಪಟ್ಟಿ ಕಾಣುವುದಿಲ್ಲ.

ನಮ್ಮ ಕಾವ್ಯಗಳ ದೊಡ್ಡ ವಿಲಾಪಗಳನ್ನೆಲ್ಲ ಒಮ್ಮೆ ನೆನೆಯಿರಿ. ರನ್ನನ ದುರ್ಯೋಧನನು ರಣರಂಗದಲ್ಲಿ ದುಶ್ಶಾಸನನ, ಮಗ ಲಕ್ಷಣಕುಮಾರನ, ಕರ್ಣನ ಕಳೇಬರಗಳನ್ನು ಒಂದೊಂದಾಗಿ ಕಂಡು ಅಳುತ್ತಾನೆ. ರಾಘವಾಂಕನ ಚಂದ್ರಮತಿ ಸತ್ತ ಲೋಹಿತಾಶ್ವನನ್ನು ಕೈಯಲ್ಲಿ ಹೊತ್ತು ಸ್ಮಶಾನಕ್ಕೆ ಬರುತ್ತಾಳೆ. ಕಾಳಿದಾಸನ ಅಜನ ತೊಡೆಯ ಮೇಲೆ ಇಂದುಮತಿಯಿದ್ದಾಳೆ. ರತಿಯ ಮುಂದೆ ಮೈಯಿಲ್ಲದಿದ್ದರೂ ಬೂದಿಯಾದರೂ ಇದೆ. ವಿಲಾಪಕ್ಕೆ ಎದುರಿಗೊಂದು ದೇಹ ಬೇಕು. ಅದಿಲ್ಲದೆ ಅಳುವುದನ್ನು ಎಲ್ಲಿಂದ ಮೊದಲು ಮಾಡಬೇಕೆಂದು ತಿಳಿಯುವುದಿಲ್ಲ. ಈ ನಿಯಮಕ್ಕೆ ಹೊರತಾದವಳು ಕಾದಂಬರಿಯ ಮಹಾಶ್ವೇತೆ. ನಮ್ಮ ಒಂದನೆಯ ನಾಗವರ್ಮನ ಕೃಪೆಯಿಂದ ಆಕೆ ಕನ್ನಡದವಳೂ ಹೌದು. ಪುಂಡರೀಕನು ಪ್ರಾಣಬಿಟ್ಟಾಗ ದಿವ್ಯಪುರುಷನೊಬ್ಬನು ಚಂದ್ರಮಂಡಲದಿಂದ ಇಳಿದುಬಂದು ಆ ದೇಹವನ್ನು ಎತ್ತಿಕೊಂಡು ಹೋಗುತ್ತಾನೆ. ಹೋಗುವಾಗ ಅವಳಿಗೆ ಅಭಯ ಕೊಡುತ್ತಾನೆ, ನೀನು ಸಾಯಬೇಡ, ಅವನನ್ನು ಮತ್ತೆ ಕೂಡುವೆ ಎಂದು. ಆ ಅಭಯವನ್ನು ನಂಬಿ ಆಕೆ ಅಚ್ಛೋದ ಸರಸ್ಸಿನ ದಡದಲ್ಲಿ ತಪಸ್ಸಿಗೆ ಕುಳಿತುಕೊಳ್ಳುತ್ತಾಳೆ. ಈ ಸಂದರ್ಭವನ್ನು ಏನೆಂದು ಕರೆಯಬೇಕೆಂದು ಆಲಂಕಾರಿಕರು ತಲೆಕೆಡಿಸಿಕೊಂಡು, ಕಡೆಗೆ ಕರುಣವಿಪ್ರಲಂಭ ಎಂಬ ಹೊಸ ಹೆಸರನ್ನೇ ಕೊಟ್ಟರು. ಸಾಂಟಿಯಾಗೊದ ಹೆಂಗಸರಿಗೂ ದೇಹವನ್ನು ಎತ್ತಿಕೊಂಡು ಹೋದವರಿದ್ದರು. ಅವರು ರಾತ್ರಿ ನಂಬರಿಲ್ಲದ ಕಾರುಗಳಲ್ಲಿ ಬಂದರು. ಅಭಯವನ್ನು ಮಾತ್ರ ಕೊಡಲಿಲ್ಲ. ನಿರೀಕ್ಷೆಯನ್ನು ಬಿಟ್ಟರೆ ತಾವೇ ಅವನನ್ನು ಕೊಂದಂತೆ, ಬಿಡದಿದ್ದರೆ ಅಳುವಂತಿಲ್ಲ. ಇದಕ್ಕೆ ನಮ್ಮ ಶಾಸ್ತ್ರದಲ್ಲಿ ಹೆಸರಿಲ್ಲ. ಆ ಕಾಲದಲ್ಲಿ ಅವರ ಕೈಗಳು ಮಾಡಬಹುದಾಗಿದ್ದ ಕೆಲಸ ಆ ಗೊಂಬೆ. ದೇಹವಿಲ್ಲದ ಕಡೆ ಹೆಬ್ಬೆರಳುದ್ದದ ಒಂದು ದೇಹವನ್ನು ಅವರು ಮಾಡಿದರು, ಅದಕ್ಕೆ ಅವನ ಬಟ್ಟೆಯನ್ನೇ ಉಡಿಸಿದರು.

ಈ ಶೋಕಕ್ಕೆ ಕೊನೆ ಸಿಕ್ಕೀತೆಂದು ತೋರಿದ ಒಂದು ಘಟನೆಯನ್ನು ಹೇಳಬೇಕು. ಸಾಂಟಿಯಾಗೊ ನಗರದ ಬಳಿ ಲೊನ್ಕೆನ್ ಎಂಬಲ್ಲಿ ಪಾಳುಬಿದ್ದ ಸುಣ್ಣದ ಗೂಡುಗಳಿದ್ದವು. 1978ರ ನವೆಂಬರಿನಲ್ಲಿ, ಚರ್ಚಿಗೆ ಗುಟ್ಟಾಗಿ ತಲುಪಿದ ಸುಳಿವಿನ ಮೇಲೆ ಹೋಗಿ ನೋಡಿದಾಗ ಅವುಗಳೊಳಗೆ ಹದಿನೈದು ಮಂದಿಯ ಅಸ್ಥಿಗಳು ದೊರೆತವು. 1973ರ ಅಕ್ಟೋಬರಿನಲ್ಲಿ ಪೊಲೀಸರು ಹಿಡಿದೊಯ್ದಿದ್ದ ರೈತಾಪಿ ಜನ ಅವರು. ಅವರಲ್ಲಿ ಒಂದೇ ಮನೆಯ ತಂದೆಯೂ ನಾಲ್ವರು ಗಂಡುಮಕ್ಕಳೂ ಇದ್ದರು. ಕಾಣೆಯಾದವರು ಎಂದರೆ ಸತ್ತವರು ಎಂದು ದೇಶಕ್ಕೆ ಮೊದಲ ಬಾರಿಗೆ ಸಾಕ್ಷಿಸಮೇತ ತಿಳಿದದ್ದು ಆಗ. 1979ರಲ್ಲಿ ಮನೆಯವರು ಅಂತ್ಯಕ್ರಿಯೆಗೆ ಸಿದ್ಧರಾಗಿ ಚರ್ಚಿನಲ್ಲಿ ಕಾದು ಕುಳಿತಿದ್ದರು. ಶವಪೆಟ್ಟಿಗೆಗಳು ಬರಲಿಲ್ಲ. ಅಧಿಕಾರಿಗಳು ಆ ಅಸ್ಥಿಗಳನ್ನು ಗುಟ್ಟಾಗಿ ಒಯ್ದು ಸಾಮೂಹಿಕ ಗುಂಡಿಯೊಂದಕ್ಕೆ ಹಾಕಿಬಿಟ್ಟಿದ್ದರು. ಗೂಡುಗಳನ್ನು ಮರುವರ್ಷ ಸಿಡಿಮದ್ದಿಟ್ಟು ಉರುಳಿಸಿದರು. ಅವು ನೆಲದ ಮೇಲಿಂದ ಅಳಿದರೂ ಅರ್ಪಿಯೇರಗಳ ಮೇಲೆ ಉಳಿದುಕೊಂಡವು: ಬೂದು ಬಟ್ಟೆಯ ಗೂಡು, ಅದರ ಕಡೆಗೆ ನಡೆದುಹೋಗುತ್ತಿರುವ ಗೊಂಬೆಗಳ ಮೆರವಣಿಗೆ, ಮೇಲೆ ಎಂದಿನಂತೆ ಹಳದಿ ಸೂರ್ಯ. ಆ ಹದಿನೈದು ಮಂದಿಯ ಅಸ್ಥಿಗಳಿಗೆ ಕುಟುಂಬದವರ ಕೈಯಿಂದ ಮಣ್ಣು ದೊರೆತದ್ದು 2010ರಲ್ಲಿ.

ಇನ್ನೊಂದು ಅರ್ಪಿಯೇರದ ವಸ್ತುವನ್ನು ಹೇಳದೆ ಬಿಡಲಾರೆ. ಕ್ವೆಕಾ ಎಂಬುದು ಚಿಲಿಯ ನಾಡಕುಣಿತ; ಗಂಡೂ ಹೆಣ್ಣೂ ಕೈಯಲ್ಲಿ ಕರವಸ್ತ್ರ ಬೀಸುತ್ತ ಜೊತೆಯಾಗಿ ಕುಣಿಯುವಂಥದು. 1978ರ ಮಾರ್ಚ್ 8ರಂದು, ಮಹಿಳಾದಿನದ ಸಭೆಯಲ್ಲಿ, ಕಾಣೆಯಾದವರ ಮನೆಯ ಹೆಂಗಸರು ಅದನ್ನು ಗಂಡಿಲ್ಲದೆ ಒಬ್ಬೊಬ್ಬರೇ ಕುಣಿದರು. ಎದೆಯ ಮೇಲೆ ಪಿನ್ನು ಚುಚ್ಚಿ ಸಿಕ್ಕಿಸಿದ ಭಾವಚಿತ್ರ, ಎದುರಿಗೆ ಬರಿಯ ಜಾಗ. ಅದನ್ನೇ ಗೋಣಿಯ ಮೇಲೆ ಹೊಲಿದಿರುವ ಚಿತ್ರಗಳಿವೆ. ಸುತ್ತಲೂ ಕಿಕ್ಕಿರಿದು ಹೊಲಿದ ಬಣ್ಣಗಳು. ಜೊತೆಗಾರನು ಇರಬೇಕಾದಲ್ಲಿ ಮಾತ್ರ ಗೊಂಬೆಯಿಲ್ಲ.

1990ರಲ್ಲಿ ಪ್ರಜಾಪ್ರಭುತ್ವ ಮರಳಿತು. 1992ರಲ್ಲಿ ವಿಕರಿಯಾ ತನ್ನ ಬಾಗಿಲನ್ನು ಮುಚ್ಚಿತು. ಅಂಗಡಿಗಳಲ್ಲಿ ಪ್ರವಾಸಿಗಳಿಗೆಂದು ಮಾಡಿದ ಅರ್ಪಿಯೇರಗಳು ಬಂದವು; ಅವುಗಳಲ್ಲಿ ಹಣ್ಣಿನ ತೋಟ, ಸಂತೆ, ಸುಗ್ಗಿ ಎಲ್ಲ ಇರುತ್ತವೆ, ಫಲಕ ಹಿಡಿದ ಗೊಂಬೆಗಳಿರುವುದಿಲ್ಲ. ಹಳೆಯವುಗಳಲ್ಲಿ ಕೆಲವು 2010ರ ಜನವರಿಯಲ್ಲಿ ಸಾಂಟಿಯಾಗೊದಲ್ಲಿ ತೆರೆದ ನೆನಪಿನ ಸಂಗ್ರಹಾಲಯದಲ್ಲಿವೆ. 2023ರ ಆಗಸ್ಟ್ ತಿಂಗಳಲ್ಲಿ, ಸೇನಾದಂಗೆಗೆ ಐವತ್ತು ವರ್ಷ ತುಂಬುವ ಹೊತ್ತಿಗೆ, ಚಿಲಿಯ ಸರ್ಕಾರವು ಕಾಣೆಯಾದವರನ್ನು ಹುಡುಕುವ ರಾಷ್ಟ್ರೀಯ ಯೋಜನೆಯೊಂದನ್ನು ಪ್ರಕಟಿಸಿತು. ಅದರ ಪಟ್ಟಿಯಲ್ಲಿದ್ದ ಹೆಸರುಗಳು 1,469. ಅಲ್ಲಿಯವರೆಗೆ ಅವಶೇಷ ದೊರೆತು ಗುರುತು ಹಿಡಿಯಲಾಗಿದ್ದವರು 307 ಮಂದಿ. ಮೊದಲ ಗೊಂಬೆಗಳನ್ನು ಹೊಲಿದ ತಾಯಂದಿರಲ್ಲಿ ಹಲವರು ಅಷ್ಟರಲ್ಲಿ ತೀರಿಕೊಂಡಿದ್ದರು. ಹೆಸರು ಬರೆಯದೆ ಬಿಟ್ಟ ಆ ತುಂಡುಗಳಲ್ಲಿ ಯಾವುದು ಯಾರ ಹೊಲಿಗೆಯೆಂದು, ಯಾವ ಗೊಂಬೆಯ ಮೈಮೇಲಿರುವುದು ಯಾರ ಅಂಗಿಯೆಂದು ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.